ಎಲ್ಲದಕ್ಕೂ ಗ್ಯಾಸ್ಟ್ರಿಕ್ ಅಂದರೆ ಹೇಗೆ?

(ರಾಜಾಜಿನಗರದ ಒಂದು ವಾಚನಾಲಯದಲ್ಲಿ ಭಾನುವಾರ ಬೆಳಿಗ್ಗೆ ಆಡಿದ ಮಾತು. ಬರೆಯುವಾಗ ಅಲ್ಲಲ್ಲಿ ತಿದ್ದಿದ್ದೇನೆ. ಸಭೆಯಲ್ಲಿದ್ದವರು ಕೇಳಿದ ಕೆಲವು ಪ್ರಶ್ನೆಗಳನ್ನು ಹಾಗೇ ಉಳಿಸಿಕೊಂಡಿದ್ದೇನೆ.)

ಮೊದಲೇ ಹೇಳಿಬಿಡುತ್ತೇನೆ, ಇವತ್ತು ನಾನು ಮಾತಾಡುವುದು ಮಲದ ವಿಷಯ. ನೀವೆಲ್ಲ ಈಗಷ್ಟೇ ಹೊರಗೆ ಇಡ್ಲಿ ವಡೆ ತಿಂದು ಬಂದಿದ್ದೀರಿ. ಕಾರ್ಯಕ್ರಮ ಏರ್ಪಡಿಸಿದವರು ತಿಂಡಿಯನ್ನು ಮಾತಿಗಿಂತ ಮೊದಲು ಇಟ್ಟದ್ದು ಜಾಣತನ. ಆಮೇಲೆ ಇಟ್ಟಿದ್ದರೆ ಅರ್ಧ ಪಾತ್ರೆ ಉಳಿದುಬಿಡುತ್ತಿತ್ತು.

ನಾನು ಡಾಕ್ಟರಾದರೂ ರೋಗಿಗಳ ಮುಖ ನೋಡಿದ್ದು ಕಡಿಮೆ. ಮೂವತ್ತು ವರ್ಷ ಲ್ಯಾಬಿನಲ್ಲೇ ಕಳೆದೆ. ಅಲ್ಲಿಗೆ ಮನುಷ್ಯರು ಬರುವುದಿಲ್ಲ, ಡಬ್ಬಿಗಳು ಬರುತ್ತವೆ. ಡಬ್ಬಿಯ ಮೇಲೆ ಒಂದು ನಂಬರ್, ಜೊತೆಗೊಂದು ಚೀಟಿ. ಚೀಟಿಯಲ್ಲಿ ಡಾಕ್ಟರು ಗೀಚಿದ ಒಂದು ಸಾಲೇ ನಮಗೆ ಆ ರೋಗಿಯ ಪರಿಚಯ. ಎಷ್ಟೋ ಚೀಟಿಗಳಲ್ಲಿ ನಾನು ಓದಿದ್ದು ಇಷ್ಟೇ: 'ಆರು ತಿಂಗಳಿಂದ ಗ್ಯಾಸ್ಟ್ರಿಕ್.'

ಬೆಂಗಳೂರಿನಲ್ಲಿ ಹೊಟ್ಟೆಯ ಎಲ್ಲ ಕಷ್ಟಕ್ಕೂ ಇದೊಂದೇ ಹೆಸರು. ಎದೆ ಉರಿದರೆ ಗ್ಯಾಸ್ಟ್ರಿಕ್, ಹೊಟ್ಟೆ ಉಬ್ಬರಿಸಿದರೆ ಗ್ಯಾಸ್ಟ್ರಿಕ್. ಬೆನ್ನಲ್ಲಿ ಛಳಕ್ ಅಂದರೂ ಗ್ಯಾಸ್ಟ್ರಿಕ್ಕೇ. ಒಮ್ಮೊಮ್ಮೆ ಹಾರ್ಟ್ ಅಟ್ಯಾಕ್ ಕೂಡ ಮೊದಲ ಎರಡು ಗಂಟೆ ಗ್ಯಾಸ್ಟ್ರಿಕ್ ಅನ್ನಿಸಿಕೊಂಡು ಸೋಡಾ ಕುಡಿಸಿಕೊಂಡಿರುತ್ತದೆ. ಇಂಗ್ಲಿಷಿನಲ್ಲಿ ಆ ಪದಕ್ಕೆ 'ಜಠರದ' ಅಂತ ಮಾತ್ರ ಅರ್ಥ. ನಾವು ಅದನ್ನೇ ಕಾಯಿಲೆ ಮಾಡಿಕೊಂಡೆವು. ಮಾಡಿಕೊಂಡರೆ ನನ್ನ ತಕರಾರಿಲ್ಲ, ಭಾಷೆ ಬೆಳೆಯುವುದೇ ಹಾಗೆ. ಆದರೆ ಹೆಸರು ಸಿಕ್ಕ ಕೂಡಲೇ ನಾವು ಹುಡುಕುವುದನ್ನು ಬಿಟ್ಟುಬಿಡುತ್ತೇವೆ. ಮೆಡಿಕಲ್ ಶಾಪಿಗೆ ಹೋಗಿ "ಗ್ಯಾಸ್ಟ್ರಿಕ್ಕಿಗೆ ಒಂದು ಕೊಡಿ" ಅಂತೀವಿ. ಅವರೂ ಕೊಡ್ತಾರೆ. ಕೆಲವರ ಕರುಳಿನಲ್ಲಿ ಅಷ್ಟು ಹೊತ್ತಿಗೆ ಬಾಡಿಗೆ ಇಲ್ಲದೆ ಕೋಟಿಗಟ್ಟಲೆ ಜನ ಸಂಸಾರ ಹೂಡಿರುತ್ತಾರೆ.

ಆ ಬಾಡಿಗೆದಾರನ ಹೆಸರು ಜಿಯಾರ್ಡಿಯಾ, ಬರಿಗಣ್ಣಿಗೆ ಕಾಣದ ಒಂದು ಪರಾವಲಂಬಿ ಜೀವಿ. ನನಗೆ ಅವನ ಪರಿಚಯ ಮೊದಲಿನಿಂದಲೂ ಇತ್ತು, ಡಬ್ಬಿಗಳ ಮೂಲಕ. ಆದರೆ ಸರಿಯಾಗಿ ಗೊತ್ತಾಗಿದ್ದು ನನ್ನ ಹೊಟ್ಟೆಗೇ ಬಂದಾಗ.

ಕೆಲವು ವರ್ಷದ ಹಿಂದಿನ ಮಾತು. ಒಂದು ಬೆಳಿಗ್ಗೆ ತೇಗು ಬಂತು. ಕೊಳೆತ ಮೊಟ್ಟೆಯ ವಾಸನೆ. ನಮ್ಮ ಮನೆಯಲ್ಲಿ ಮೊಟ್ಟೆ ತರುವುದೇ ಇಲ್ಲ! ಮಧ್ಯಾಹ್ನ ನಾಲ್ಕು ಗಂಟೆಯ ಹೊತ್ತಿಗೆ ಹೊಟ್ಟೆ ತಮಟೆ. ಎರಡು ದಿನ ಲೂಸ್ ಮೋಷನ್, ಮೂರು ದಿನ ಸರಿ, ಮತ್ತೆ ಲೂಸ್. ಜ್ವರ ಇಲ್ಲ, ರಕ್ತ ಇಲ್ಲ. ಕಮೋಡಿನಲ್ಲಿ ಮಾತ್ರ ಎರಡು ಸಲ ಫ್ಲಶ್ ಮಾಡಿದರೂ ಹೋಗದೆ ತೇಲುವ, ಬಣ್ಣಗೆಟ್ಟ, ಎಣ್ಣೆ ಎಣ್ಣೆಯಾದ ಮಲ. ನಾನೇನು ಮಾಡಿದೆ ಅಂತೀರಿ? ಬೆಳಿಗ್ಗೆ ಖಾಲಿ ಹೊಟ್ಟೆಗೆ ಆಸಿಡ್ ಕಡಿಮೆ ಮಾಡುವ ಮಾತ್ರೆ ನುಂಗಿದೆ. ಮನೆಯಾಕೆ ಕೇಳಿದರೆ "ಗ್ಯಾಸ್ಟ್ರಿಕ್ ಕಣೇ" ಅಂದೆ. ಐದು ವಾರ ಹಾಗೇ ನಡೆಯಿತು. ಬೆಲ್ಟಿಗೆ ಇನ್ನೊಂದು ತೂತು ಹಾಕಿಸಿದೆ.

ಕೊನೆಗೆ ನಮ್ಮ ಲ್ಯಾಬಿನ ಟೆಕ್ನಿಷಿಯನ್ ಹುಡುಗಿ ಹೇಳಿದಳು: "ಸಾರ್, ಊರವರದ್ದೆಲ್ಲಾ ನೋಡ್ತೀರ. ನಿಮ್ಮದೊಂದು ನೋಡ್ಬಾರ್ದಾ?"

ನೋಡಿದೆ. ಏನೂ ಇಲ್ಲ. ಎರಡು ದಿನ ಬಿಟ್ಟು ಮತ್ತೆ ನೋಡಿದೆ. ಆಗಲೂ ಇಲ್ಲ. "ನೋಡಮ್ಮ, ಗ್ಯಾಸ್ಟ್ರಿಕ್ಕೇ" ಅಂದೆ. ಅವಳು ನಕ್ಕಳು. ಮೂರು ಸ್ಯಾಂಪಲ್ ನೋಡದೆ ಇಲ್ಲ ಅನ್ನಬಾರದು ಅಂತ ಅವಳಿಗೆ ಕಲಿಸಿದವನು ನಾನೇ.

ಮೂರನೆಯದು ಲೂಸ್ ಆಗಿದ್ದ ದಿನದ್ದು. ಇನ್ನೂ ಬಿಸಿ ಆರಿರಲಿಲ್ಲ. ಗಾಜಿನ ಸ್ಲೈಡಿನ ಒಂದು ಕಡೆ ಉಪ್ಪುನೀರಿನ ಹನಿ, ಇನ್ನೊಂದು ಕಡೆ ಅಯೋಡಿನ್ ಹನಿ. ಕಡ್ಡಿಯ ತುದಿಯಲ್ಲಿ ಸಾಸಿವೆ ಕಾಳಿನಷ್ಟು ಮಲ ತೆಗೆದು ಕದಡಬೇಕು. ಮೇಲೆ ತೆಳು ಗಾಜು ಮುಚ್ಚಿ, ಗುಳ್ಳೆ ಬರದಂತೆ ಒತ್ತಬೇಕು. ಕನ್ನಡಕ ಹಣೆಗೇರಿಸಿ ಕಣ್ಣಿಟ್ಟೆ. ಜೀರ್ಣವಾಗದ ತರಕಾರಿ ನಾರು, ಕೊಬ್ಬಿನ ಹನಿಗಳು, ಅದರ ನಡುವೆ ಏನೋ ಅಲುಗಾಡಿತು. ಗಾಳಿ ಇಲ್ಲದ ಮಧ್ಯಾಹ್ನ ಮರದಿಂದ ಒಂದು ಒಣ ಎಲೆ ಉದುರುವುದನ್ನು ನೋಡಿದ್ದೀರಲ್ವಾ? ನೇರ ಬೀಳುವುದಿಲ್ಲ. ಒಮ್ಮೆ ಈ ಮಗ್ಗುಲು, ಒಮ್ಮೆ ಆ ಮಗ್ಗುಲು ಹೊರಳುತ್ತಾ ತೂಗಾಡಿಕೊಂಡು ಬರುತ್ತದೆ. ಇದೂ ಹಾಗೇ ಹೊರಳುತ್ತಾ ಬಂತು. ನಮ್ಮ ಪಠ್ಯಗಳಲ್ಲೂ ಅದರ ಚಲನೆಗೆ ಉದುರುವ ಎಲೆಯ ಹೋಲಿಕೆಯನ್ನೇ ಕೊಡುತ್ತಾರೆ. ವಿದ್ಯಾರ್ಥಿಗಳಿಗೆ ನೂರು ಸಲ ಹೇಳಿದ್ದೆ. ನನ್ನದೇ ಹೊಟ್ಟೆಯ ಎಲೆ ಉದುರುವುದನ್ನು ನೋಡಿದ್ದು ಅದೇ ಮೊದಲು.

ಬಣ್ಣ ಹಾಕಿ ನೋಡಿದರೆ ಇನ್ನೂ ತಮಾಷೆ. ಮರಸೇಬನ್ನು ಉದ್ದಕ್ಕೆ ಸೀಳಿದ ಹಾಗೆ ಆಕಾರ, ಒಂದು ಕಡೆ ಉಬ್ಬು, ಇನ್ನೊಂದು ಕಡೆ ಚಪ್ಪಟೆ. ಒಂದೇ ಜೀವಕೋಶ, ಆದರೆ ಎರಡು ಕೋಶಕೇಂದ್ರ. ಅಕ್ಕಪಕ್ಕ ಇರುವುದರಿಂದ ಅವು ಎರಡು ಕಣ್ಣಿನ ಹಾಗೇ ಕಾಣುತ್ತವೆ. ಚಾವಟಿಯಂಥ ಎಂಟು ಬಾಲ. ನೀವು ಅದನ್ನು ನೋಡುತ್ತಿದ್ದರೆ ಅದೂ ನಿಮ್ಮನ್ನು ದುರುಗುಟ್ಟಿ ನೋಡಿದಂತೆ ಅನ್ನಿಸುತ್ತದೆ. ಗಾತ್ರ ಎಷ್ಟು ಅಂದರೆ, ಸ್ಕೇಲಿನ ಒಂದು ಮಿಲಿಮೀಟರ್ ಗೆರೆಯ ಮೇಲೆ ಸುಮಾರು ಎಪ್ಪತ್ತನ್ನು ಸಾಲಾಗಿ ನಿಲ್ಲಿಸಬಹುದು.

ತನ್ನದೇ ಮಲದಲ್ಲಿ ಇದನ್ನು ನೋಡಿದವರಲ್ಲಿ ನಾನು ಮೊದಲಿಗನೇನಲ್ಲ. 1681ರಲ್ಲಿ ಹಾಲೆಂಡಿನ ಡೆಲ್ಫ್ಟ್ ಎಂಬ ಊರಿನಲ್ಲಿ ಆಂಟನಿ ಫಾನ್ ಲೇವನ್‌ಹುಕ್ ಅಂತ ಒಬ್ಬ ಬಟ್ಟೆ ವ್ಯಾಪಾರಿ ಇದ್ದ. ಬಟ್ಟೆಯ ನೂಲನ್ನು ಭೂತಗನ್ನಡಿಯಲ್ಲಿ ನೋಡುವುದು ಆ ವ್ಯಾಪಾರದಲ್ಲಿ ರೂಢಿ. ಈತ ಅಲ್ಲಿಗೇ ನಿಲ್ಲಲಿಲ್ಲ. ತಾನೇ ಮಸೂರ ಉಜ್ಜಿ ಕೈಗೆ ಸಿಕ್ಕಿದ್ದನ್ನೆಲ್ಲ ನೋಡಿದ, ಹಲ್ಲಿನ ಕೊಳೆಯಿಂದ ಹಿಡಿದು ಮೆಣಸಿನ ನೀರಿನವರೆಗೆ. ಒಂದು ಸಲ ಹೊಟ್ಟೆ ಕೆಟ್ಟಿತು. ಅದನ್ನೂ ನೋಡಿದ. ಚಪ್ಪಟೆ ಹೊಟ್ಟೆಯ, ಪುಟ್ಟ ಪುಟ್ಟ ಕಾಲುಗಳ ಜೀವಿಗಳು ಓಡಾಡುತ್ತಿವೆ ಅಂತ ಲಂಡನ್ನಿಗೆ ಕಾಗದ ಬರೆದ. ಅವನು ಕಾಲು ಅಂದುಕೊಂಡದ್ದು ಆ ಬಾಲಗಳನ್ನು. ಸಂಕೋಚ ಅನ್ನುವುದು ಅವನಿಗೆ ಇದ್ದಿದ್ದರೆ ವಿಜ್ಞಾನಕ್ಕೆ ನಷ್ಟವಾಗುತ್ತಿತ್ತು. ಆಮೇಲೆ 1859ರಲ್ಲಿ ಪ್ರಾಗ್ ನಗರದ ವಿಲೆಮ್ ಲಾಂಬ್ಲ್ ಇದನ್ನು ವಿವರವಾಗಿ ಬರೆದರು. ಇಷ್ಟಾದರೂ ಇಪ್ಪತ್ತನೆಯ ಶತಮಾನದ ಅರ್ಧದವರೆಗೆ ಎಷ್ಟೋ ಡಾಕ್ಟರುಗಳು ಇದನ್ನು ಪಾಪದ ಜೀವಿ, ಸುಮ್ನೆ ಇರುತ್ತದೆ ಅಂತಲೇ ತಿಳಿದಿದ್ದರು.

ಪಾಪದ್ದು ಅಂದುಕೊಂಡದ್ದಕ್ಕೆ ಕಾರಣವೂ ಇದೆ. ಆಮಶಂಕೆ ತರುವ ಅಮೀಬಾ ನಿಮಗೆ ಗೊತ್ತು. ಅದು ಕರುಳಿನ ಗೋಡೆಯನ್ನೇ ಕೊರೆಯುತ್ತದೆ. ರಕ್ತ, ಲೋಳೆ, ಮುಲುಕು. ಒಮ್ಮೊಮ್ಮೆ ಲಿವರ್‌ಗೆ ಹೋಗಿ ಕೀವು ಕಟ್ಟುತ್ತದೆ. ಜಿಯಾರ್ಡಿಯಾ ಹಾಗೆ ಮಾಡುವುದಿಲ್ಲ. ಗೋಡೆ ಒಡೆಯುವುದಿಲ್ಲ, ಬರೀ ಗೋಡೆಗೆ ಅಂಟಿಕೊಳ್ಳುತ್ತದೆ. ಸಣ್ಣ ಕರುಳಿನ ಒಳಮೈ ಟರ್ಕಿ ಟವೆಲ್ ಇದ್ದ ಹಾಗೆ, ಎಳೆ ಎಳೆಯಾಗಿ ಎದ್ದು ನಿಂತಿರುತ್ತದೆ. ಊಟದ ಸಾರವನ್ನು ಹೀರುವುದು ಆ ಎಳೆಗಳು. ಜಿಯಾರ್ಡಿಯಾದ ಚಪ್ಪಟೆ ಹೊಟ್ಟೆಯಲ್ಲಿ ಒಂದು ಬಟ್ಟಲಿನಂಥ ರಚನೆ ಇದೆ. ಬಾತ್‌ರೂಮಿನ ಟೈಲ್ಸಿಗೆ ರಬ್ಬರಿನ ಕೊಕ್ಕೆ ಒತ್ತಿ ಅಂಟಿಸುತ್ತೇವಲ್ಲ, ಹೆಚ್ಚುಕಡಿಮೆ ಅದೇ ಕೆಲಸ. ಅಂಟಿಕೊಂಡು ಎರಡಾಗುತ್ತದೆ, ನಾಲ್ಕಾಗುತ್ತದೆ. ಎಳೆಗಳು ಮೊಂಡಾಗುತ್ತವೆ. ಹೊಸ ಟವೆಲ್ ಹಳೇ ಟವೆಲ್ ಆಗುತ್ತದೆ, ನೀರು ಹೀರುವುದಿಲ್ಲ. ಕೊಬ್ಬು, ಸಕ್ಕರೆ ಅಂಶ ಹಾಗೇ ಕೆಳಗೆ ಜಾರುತ್ತದೆ. ಅಲ್ಲಿರುವ ಬ್ಯಾಕ್ಟೀರಿಯಾಗಳಿಗೆ ಹಬ್ಬದೂಟ, ನಮಗೆ ಗ್ಯಾಸ್. ಮಲ ತೇಲುವುದು ಕೊಬ್ಬಿನಿಂದ ಅಂತ ಬಹಳ ಜನ ತಿಳಿದಿದ್ದಾರೆ. ನಿಜವಾಗಿ ತೇಲಿಸುವುದು ಅದರೊಳಗೆ ಸಿಕ್ಕಿಕೊಂಡ ಗ್ಯಾಸು.

"ನಮ್ಮ ಮೈ ಸುಮ್ನಿರುತ್ತಾ ಡಾಕ್ಟ್ರೇ? ರೋಗನಿರೋಧಕ ಶಕ್ತಿ ಅಂತ ಇರುತ್ತಲ್ಲ?" ಅಂತ ಎರಡನೇ ಸಾಲಿನಲ್ಲಿ ಕೂತಿದ್ದ ಯಜಮಾನರು ಕೇಳಿದರು. ಸುಮ್ನಿರುವುದಿಲ್ಲ. ಬಹಳ ಜನರಲ್ಲಿ ಕೆಲವು ವಾರಗಳಲ್ಲಿ ಮೈಯೇ ಅದನ್ನು ಓಡಿಸುತ್ತದೆ. ಆದರೆ ಈ ಜೀವಿ ವೇಷಗಾರ. ಮೈಮೇಲೆ ಪ್ರೊಟೀನಿನ ಒಂದು ಅಂಗಿ ತೊಟ್ಟಿರುತ್ತದೆ. ನಮ್ಮ ಪಹರೆಯವರು ಆ ಅಂಗಿಯ ಗುರುತು ಹಿಡಿಯುವಷ್ಟರಲ್ಲಿ ಕೆಲವು ಅಂಗಿ ಬದಲಿಸಿರುತ್ತವೆ. ಅದರ ಬೀರುವಿನಲ್ಲಿ ಸುಮಾರು 200 ಅಂಗಿಗಳ ವಂಶವಾಹಿ ಇದೆ. ಒಂದು ಹೊತ್ತಿಗೆ ತೊಡುವುದು ಒಂದನ್ನೇ.

ಈಗ ಮೂರು ಸ್ಯಾಂಪಲ್ಲಿನ ಕಥೆಗೆ ಬರೋಣ. ಕರುಳಿನಲ್ಲಿ ಓಡಾಡುವ ಈ ರೂಪ ಹೊರಗೆ ಬಂದರೆ ಬೇಗ ಸಾಯುತ್ತದೆ. ಅದಕ್ಕೇ ಕರುಳಿನಲ್ಲಿ ಕೆಳಗಿಳಿಯುವಾಗ ಕೆಲವು ಸುತ್ತ ಗಟ್ಟಿ ಗೋಡೆ ಕಟ್ಟಿಕೊಂಡು ಮೊಟ್ಟೆಯಾಕಾರದ ಉಂಡೆಯಾಗುತ್ತವೆ. ಲ್ಯಾಬಿನಲ್ಲಿ ಅದಕ್ಕೆ ಸಿಸ್ಟ್ ಅನ್ನುತ್ತೇವೆ. ಒಂಥರಾ ಬೀಜ ಇದ್ದ ಹಾಗೆ. ತಣ್ಣಗಿನ ನೀರಿನಲ್ಲಿ ವಾರಗಟ್ಟಲೆ, ತಿಂಗಳುಗಟ್ಟಲೆ ಬದುಕಿರುತ್ತದೆ. ಆದರೆ ಅವು ದಿನಾ ಒಂದೇ ಸಮ ಹೊರಗೆ ಬರುವುದಿಲ್ಲ. ಇವತ್ತು ಕೋಟಿಗಟ್ಟಲೆ, ನಾಳೆ ಒಂದೂ ಇಲ್ಲ. ಒಂದೇ ಸ್ಯಾಂಪಲ್ ಕೊಟ್ಟು 'ನಾರ್ಮಲ್' ಅಂತ ಬಂದರೆ ನಂಬಬೇಡಿ ಅನ್ನುವುದು ಇದಕ್ಕೇ. ಬೇರೆ ಬೇರೆ ದಿನದ ಮೂರು ಸ್ಯಾಂಪಲ್ ಕೊಡಿ. ಈಗ ಜಿಯಾರ್ಡಿಯಾದ ಪ್ರೊಟೀನನ್ನೇ ಹಿಡಿಯುವ ಆಂಟಿಜೆನ್ ಟೆಸ್ಟ್ ಇದೆ, ಪಿಸಿಆರ್ ಕೂಡ ಇದೆ. ಮೈಕ್ರೋಸ್ಕೋಪಿನಲ್ಲಿ ತಪ್ಪಿಸಿಕೊಂಡದ್ದು ಅಲ್ಲಿ ಸಿಕ್ಕಿಬೀಳಬಹುದು. ದುಡ್ಡು ಸ್ವಲ್ಪ ಜಾಸ್ತಿ.

ಹಾಗಾದರೆ ಎಷ್ಟು ಸಿಸ್ಟ್ ನುಂಗಿದರೆ ಕಾಯಿಲೆ? 1954ರಲ್ಲಿ ಅಮೆರಿಕದಲ್ಲಿ ಜೈಲಿನಲ್ಲಿದ್ದ ಕೆಲವರಿಗೆ ಎಣಿಸಿ ಎಣಿಸಿ ನುಂಗಿಸಿ ನೋಡಿದರು. ಅವರು ಒಪ್ಪಿದ್ದರು ಅಂತ ದಾಖಲೆ ಹೇಳುತ್ತದೆ. ಜೈಲಿನಲ್ಲಿರುವವನ ಒಪ್ಪಿಗೆ ಎಂಥದ್ದು ಅನ್ನುವುದನ್ನು ನೀವೇ ಯೋಚಿಸಿ. ಇವತ್ತು ಅಂಥ ಪ್ರಯೋಗಕ್ಕೆ ಯಾರೂ ಅನುಮತಿ ಕೊಡುವುದಿಲ್ಲ. ಉತ್ತರ ಮಾತ್ರ ಸಿಕ್ಕಿತು: ಹತ್ತು ಸಿಸ್ಟ್ ಸಾಕು. ಹತ್ತು ಅಂದರೆ ಉಗುರಿನ ಸಂದಿಯಲ್ಲಿ ಕಾಣದ ಹಾಗೆ ಕೂತಿರಬಹುದಾದಷ್ಟು.

ನನಗೆ ಎಲ್ಲಿಂದ ಬಂತು? ನನ್ನ ಅನುಮಾನ ನಮ್ಮ ಮನೆಯ ಸಂಪಿನ ಮೇಲೆ.

ನಮ್ಮ ಊರಿನ ಕಾವೇರಿ ನೀರು ಸುಮಾರು ನೂರು ಕಿಲೋಮೀಟರ್ ದೂರದಿಂದ ಬರುತ್ತದೆ. ತೊರೆಕಾಡನಹಳ್ಳಿಯಲ್ಲಿ ಸೋಸಿ, ಕ್ಲೋರಿನ್ ಹಾಕಿ ಮೇಲಕ್ಕೆತ್ತಿ ಕಳಿಸುತ್ತಾರೆ. ಅಷ್ಟು ದೂರ ಚೆನ್ನಾಗಿ ಬಂದ ನೀರು ಕೆಡುವುದು ಕೊನೆಯ ಹತ್ತಡಿಯಲ್ಲಿ. ನಮ್ಮ ಪೈಪುಗಳಲ್ಲಿ ನೀರು ದಿನವಿಡೀ ಬರುವುದಿಲ್ಲ, ದಿನ ಬಿಟ್ಟು ದಿನ ಒಂದಷ್ಟು ಹೊತ್ತು. ನೀರು ನಿಂತಾಗ ಪೈಪಿನೊಳಗಿನ ಒತ್ತಡ ಕುಸಿಯುತ್ತದೆ. ಪಕ್ಕದಲ್ಲೇ ಒಳಚರಂಡಿ ಪೈಪು ಸೋರುತ್ತಿದ್ದು, ನೀರಿನ ಪೈಪಿನಲ್ಲೂ ಬಿರುಕಿದ್ದರೆ ಹೊರಗಿನ ಕೊಳಕನ್ನು ಅದು ಒಳಕ್ಕೆ ಎಳೆದುಕೊಳ್ಳುತ್ತದೆ. ಎಳನೀರಿಗೆ ಸ್ಟ್ರಾ ಹಾಕಿ ಎಳೆದ ಹಾಗೆ. ಮುಂದಿನ ಸಲ ನೀರು ಬಿಟ್ಟಾಗ ಮೊದಲ ಎರಡು ಬಕೆಟ್ ಕಂದು ಬಣ್ಣ ಬರುತ್ತಲ್ಲ, ಅದನ್ನು ಎಲ್ಲಿಗೆ ಬಿಡುತ್ತೀರಿ? ನೇರ ಸಂಪಿಗೆ, ಅಲ್ವಾ?

ನಮ್ಮನೆ ಸಂಪ್ ಗೇಟಿನ ಒಳಗೆ, ಸ್ಕೂಟರ್ ನಿಲ್ಲಿಸುವ ಜಾಗದಲ್ಲಿದೆ. ಕಬ್ಬಿಣದ ಮುಚ್ಚಳ ನೆಲಕ್ಕೆ ಸಮವಾಗಿ ಕೂತಿದೆ. ನಾಲ್ಕಡಿ ಆಚೆ ಒಳಚರಂಡಿಯ ಚೇಂಬರ್. ಮೂವತ್ತು ನಲವತ್ತು ಅಡಿ ಸೈಟಿನಲ್ಲಿ ಇನ್ನೆಲ್ಲಿ ಇಡಲಿಕ್ಕಾಗುತ್ತದೆ ಹೇಳಿ. ಕಾಯಿಲೆ ಗೊತ್ತಾದ ಮೇಲೆ ಒಂದು ಭಾನುವಾರ ಮುಚ್ಚಳ ತೆಗೆದು ಟಾರ್ಚ್ ಬಿಟ್ಟೆ. ಅಂಚು ತುಕ್ಕು ಹಿಡಿದು ಒಂದು ಬೆರಳು ತೂರುವಷ್ಟು ತಿಂದುಹೋಗಿತ್ತು. ಬೆಳಿಗ್ಗೆ ಬೆಳಿಗ್ಗೆ ಅಂಗಳ ತೊಳೆದ ನೀರು, ಸ್ಕೂಟರ್ ತೊಳೆದ ನೀರು, ಮಳೆ ಜೋರಾಗಿ ಬಂದು ಚೇಂಬರ್ ಉಕ್ಕಿದ ದಿನದ ನೀರು, ಎಲ್ಲಾ ಆ ಸಂದಿಯಿಂದ ಒಳಗೆ. ತಳದಲ್ಲಿ ಒಂದು ಗೇಣು ಕೆಸರು. ಮುಚ್ಚಳದ ಮೇಲೆ ದಿನಾ ರಂಗೋಲಿ ಹಾಕುತ್ತಿದ್ದೆವು. ಸಂಪನ್ನು ಪರೀಕ್ಷೆ ಮಾಡಿಸಲಿಲ್ಲ, ಹಾಗಾಗಿ ಪ್ರಮಾಣ ಮಾಡಿ ಹೇಳಲಾರೆ. ಕೆಸರು ತೆಗೆಸಿದೆ, ಗೋಡೆ ಉಜ್ಜಿಸಿದೆ, ಬಾಯಿಗೆ ಅರ್ಧ ಅಡಿ ಕಟ್ಟೆ ಕಟ್ಟಿಸಿ ಹೊಸ ಮುಚ್ಚಳ ಹಾಕಿಸಿದೆ. ಸ್ಕೂಟರ್ ಈಗ ರಸ್ತೆಯಲ್ಲಿ ನಿಲ್ಲುತ್ತದೆ.

ಕ್ಲೋರಿನ್ ಇದೆಯಲ್ಲ ಅನ್ನುತ್ತೀರಿ. ಬ್ಯಾಕ್ಟೀರಿಯಾಗಳಿಗೆ ಅದು ಯಮ. ಸಿಸ್ಟಿನ ಗೋಡೆ ಮಾತ್ರ ನಲ್ಲಿ ನೀರಿನಲ್ಲಿರುವಷ್ಟು ಕ್ಲೋರಿನ್ನಿಗೆ ಬಹಳ ಹೊತ್ತು ಜಗ್ಗುವುದಿಲ್ಲ. 2004ರಲ್ಲಿ ನಾರ್ವೆ ದೇಶದ ಬರ್ಗೆನ್ ನಗರದಲ್ಲಿ ಆದದ್ದು ಇದೇ. ಶ್ರೀಮಂತ ದೇಶ, ಬೆಟ್ಟದ ಮೇಲಿನ ಕೆರೆಯ ನೀರು. ಕ್ಲೋರಿನ್ ಹಾಕುತ್ತಿದ್ದರು, ಸೋಸುತ್ತಿರಲಿಲ್ಲ. ಕೆರೆಗೆ ಒಳಚರಂಡಿ ಸೋರಿರಬೇಕು ಅಂತ ಅನುಮಾನ ಬಂತು. ಲ್ಯಾಬಿನಲ್ಲಿ ಖಚಿತವಾದ ಕೇಸುಗಳೇ ಸಾವಿರ ದಾಟಿದವು. ಅವರನ್ನು ಹತ್ತು ವರ್ಷ ಹಿಂಬಾಲಿಸಿ ನೋಡಿದರು. ಪರಾವಲಂಬಿ ಹೋದ ಮೇಲೂ ಎಷ್ಟೋ ಜನರಿಗೆ ಹೊಟ್ಟೆಯ ಕಿರಿಕಿರಿ, ವಿಪರೀತ ಸುಸ್ತು ವರ್ಷಗಟ್ಟಲೆ ಉಳಿದಿತ್ತು. 'ಪಾಪದ ಜೀವಿ' ಅನ್ನುವ ಮಾತು ಅಲ್ಲಿಗೆ ಮುಗಿಯಿತು ಅಂತ ನನ್ನ ಲೆಕ್ಕ.

ಮಕ್ಕಳ ವಿಷಯದಲ್ಲಿ ಇನ್ನೂ ವಿಚಿತ್ರ. ನಮ್ಮ ವೆಲ್ಲೂರೂ ಸೇರಿ ಎಂಟು ಜಾಗಗಳಲ್ಲಿ ಮಕ್ಕಳನ್ನು ಹುಟ್ಟಿನಿಂದಲೇ ಹಿಂಬಾಲಿಸಿದ ಒಂದು ದೊಡ್ಡ ಅಧ್ಯಯನ ನಡೆಯಿತು. ಜಿಯಾರ್ಡಿಯಾ ಇದ್ದ ಮಕ್ಕಳಿಗೆ ಭೇದಿ ಹೆಚ್ಚಾಗಿರಲಿಲ್ಲ. ಆದರೆ ಚಿಕ್ಕಂದಿನಲ್ಲೇ ಅದು ಹೊಕ್ಕಿದ್ದವರು ಎರಡು ವರ್ಷದ ಹೊತ್ತಿಗೆ ಎತ್ತರದಲ್ಲಿ ಹಿಂದೆ ಬಿದ್ದಿದ್ದರು. ಭೇದಿ ಇಲ್ಲ ಅಂದಮೇಲೆ ಯಾರು ಡಬ್ಬಿ ಕೊಡುತ್ತಾರೆ?

ಔಷಧಿ ಇದೆ, ಕಷ್ಟದ್ದೂ ಅಲ್ಲ, ದುಬಾರಿಯೂ ಅಲ್ಲ. ಟಿನಿಡಜೋಲ್ ಸಾಮಾನ್ಯವಾಗಿ ಒಂದೇ ಸಲದ್ದು, ಮೆಟ್ರೊನಿಡಜೋಲ್ ಐದರಿಂದ ಏಳು ದಿನ. ಡಾಕ್ಟರು ನಿಮ್ಮ ತೂಕ, ವಯಸ್ಸು ನೋಡಿ ಬರೆಯುತ್ತಾರೆ. ಬಸುರಿಯರಾದರೆ ಲೆಕ್ಕವೇ ಬೇರೆ, ಅದನ್ನು ಮೊದಲೇ ಹೇಳಿ. ಮೆಟ್ರೊನಿಡಜೋಲ್ ತಗೊಂಡಾಗ ಬಾಯಲ್ಲಿ ತಾಮ್ರದ ಕಾಸು ಇಟ್ಟುಕೊಂಡ ಹಾಗೆ ರುಚಿ. ಮದ್ಯ ಮುಟ್ಟಬಾರದು, ವಾಂತಿ ಬರಬಹುದು. ಇಲ್ಲಿ ನಮ್ಮವರ ಒಂದು ಅಭ್ಯಾಸ ಹೇಳಬೇಕು. ಲೂಸ್ ಮೋಷನ್ ಆದ ಕೂಡಲೇ ಅಂಗಡಿಯಿಂದ ಯಾವುದೋ ಮಾತ್ರೆ ತಂದು ಎರಡು ನುಂಗಿ, ನಿಂತಿತು ಅಂತ ಉಳಿದದ್ದನ್ನು ಡ್ರಾಯರಿಗೆ ಹಾಕುತ್ತೇವೆ. ಪರಾವಲಂಬಿ ಸಾಯುವುದಿಲ್ಲ, ಸ್ವಲ್ಪ ದಿನ ಅಡಗಿ ಕೂರುತ್ತದೆ. ಆ ವಾರದಲ್ಲಿ ಸ್ಯಾಂಪಲ್ ಕೊಟ್ಟರೆ ನಮಗೂ ಕಾಣುವುದಿಲ್ಲ.

ಔಷಧಿ ಮುಗಿದ ಮೇಲೆ ನನಗೊಂದು ಗಾಬರಿಯಾಯಿತು. ವಾರ ಸರಿಯಿದ್ದೆ. ಆಮೇಲೆ ಬೆಳಗಿನ ಕಾಫಿ ಕುಡಿದರೆ ಸಾಕು, ಮತ್ತೆ ತಮಟೆ. ಬಂತಪ್ಪ ವಾಪಸ್ಸು ಅಂದುಕೊಂಡೆ. ಮತ್ತೆ ಮೂರು ಸ್ಯಾಂಪಲ್. ಏನೂ ಇಲ್ಲ. ವಿಷಯ ಏನಂದರೆ, ಹಾಲಿನ ಸಕ್ಕರೆಯನ್ನು ಅರಗಿಸುವ ಕಿಣ್ವ ಇರುವುದು ಆ ಟವೆಲ್ಲಿನ ಎಳೆಗಳ ತುದಿಯಲ್ಲಿ. ಎಳೆ ಮೊಂಡಾಗಿದೆ, ಕಿಣ್ವ ಇಲ್ಲ. ಎಳೆ ಮತ್ತೆ ಬೆಳೆಯಲು ಕೆಲವು ವಾರ ಬೇಕು. ಅಲ್ಲಿಯವರೆಗೆ ಹಾಲು ಬಿಡಬೇಕು. ಮೊಸರು, ಮಜ್ಜಿಗೆ ಬಹಳ ಜನಕ್ಕೆ ನಡೆಯುತ್ತದೆ. ಆ ತಿಂಗಳು ನಾನು ಬೆಲ್ಲದ ಕರಿ ಕಾಫಿ ಕುಡಿದೆ. ಅದನ್ನು ಕಾಫಿ ಅಂತ ಒಪ್ಪಲು ನಮ್ಮ ಅತ್ತೆ ಕೊನೆಯವರೆಗೂ ತಯಾರಿರಲಿಲ್ಲ.

ಆಮೇಲೆ ಪ್ರಶ್ನೆಗಳು ಶುರುವಾದವು.

"ಕಾಯಿಸಿ ಕುಡಿದರೆ ಸಾಕಾ?" ಸಾಕು. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ. ಇಲ್ಲಿ ನೀರು 97 ಡಿಗ್ರಿಯ ಹತ್ತಿರವೇ ಕುದಿಯುತ್ತದೆ. ಅಷ್ಟು ಬಿಸಿ ಧಾರಾಳ. ಕೊತಕೊತ ಅಂತ ಒಂದು ನಿಮಿಷ ಕುದಿಯಲಿ. ಆದರೆ ಆಮೇಲೆ ನಾವು ಮಾಡುವ ಕೆಲಸ ನೋಡಿ. ಲೋಟಕ್ಕೆ ಬಗ್ಗಿಸಿ, "ಬಿಸಿ ಜಾಸ್ತಿಯಾಯ್ತು" ಅಂತ ನಲ್ಲಿಯಿಂದ ಎರಡು ಗುಟುಕು ತಣ್ಣೀರು ಬೆರೆಸುತ್ತೇವೆ. ದರ್ಶಿನಿಯಲ್ಲಿ ಬಿಸಿನೀರು ಕೇಳಿದರೂ ಒಮ್ಮೊಮ್ಮೆ ಇದೇ ಆಗುತ್ತದೆ. ಹತ್ತು ಸಿಸ್ಟ್ ಸಾಕು ಅಂದೆನಲ್ಲ.

ಆರ್‌ಓ, ಯುವಿ ಎರಡೂ ಇದಕ್ಕೆ ನಡೆಯುತ್ತದೆ, ಸರ್ವೀಸ್ ಸರಿಯಾಗಿ ಮಾಡಿಸುತ್ತಿದ್ದರೆ. ಕ್ಯಾನ್ ನೀರಿನವರು ಕ್ಯಾನ್ ತಲೆಕೆಳಗೆ ಮಾಡುವ ಮುಂಚೆ ಅದರ ಬಾಯಿಯನ್ನು ಒರೆಸುವ ಬಟ್ಟೆ ಯಾವುದು ಅಂತ ಒಮ್ಮೆ ನೋಡಿಕೊಳ್ಳಿ. ಸ್ಯಾನಿಟೈಸರ್ ಸಿಸ್ಟಿಗೆ ನಾಟುವುದಿಲ್ಲ. ಸೋಪು, ಹರಿಯುವ ನೀರು, ಇಪ್ಪತ್ತು ಸೆಕೆಂಡ್.

"ಸ್ಕೂಲಲ್ಲಿ ಜಂತುಹುಳದ ಮಾತ್ರೆ ಕೊಡ್ತಾರಲ್ಲ, ಅದರಲ್ಲಿ ಇದೂ ಹೋಗಲ್ವಾ ಸರ್?" ಒಬ್ಬ ತಾಯಿಯ ಪ್ರಶ್ನೆ. ಫೆಬ್ರವರಿ 10, ಆಗಸ್ಟ್ 10ರ ಆಸುಪಾಸಿನಲ್ಲಿ ಕೊಡುವ ಆಲ್ಬೆಂಡಜೋಲ್ ಅದು. ಹುಳಗಳಿಗೆ ಒಂದು ಮಾತ್ರೆ ಒಳ್ಳೆಯದೇ, ತಪ್ಪಿಸಬೇಡಿ. ಜಿಯಾರ್ಡಿಯಾ ಹುಳ ಅಲ್ಲ, ಏಕಕೋಶ ಜೀವಿ. ಒಂದೇ ಮಾತ್ರೆಗೆ ಅದು ಹೋಗುವುದಿಲ್ಲ.

"ಬೀದಿ ನಾಯಿಗಳಿಂದ ಬರುತ್ತಲ್ವಾ?" ಇದನ್ನು ಕೇಳಿದವರು ಉತ್ತರ ಹೌದು ಅಂತಲೇ ಇರಲಿ ಎಂದು ಬಯಸಿದಂತಿತ್ತು. ನಾಯಿಗಳಲ್ಲಿ ಹೆಚ್ಚಾಗಿ ಇರುವ ತಳಿಗಳೇ ಬೇರೆ, ಮನುಷ್ಯರಲ್ಲಿ ಇರುವ ತಳಿಗಳೇ ಬೇರೆ. ಕೆಲವೊಮ್ಮೆ ದಾಟಬಹುದು. ಆದರೆ ನಮಗೆ ಹೆಚ್ಚಾಗಿ ಹಂಚುವವರು ನಾವೇ.

ಕೊನೆಗೆ ಹಿಂದಿನ ಸಾಲಿನಿಂದ ಒಬ್ಬ ಅಜ್ಜಿ ಎದ್ದು ನಿಂತರು. "ಎಷ್ಟು ತರ್ಬೇಕಪ್ಪ ಡಬ್ಬಿಗೆ? ಯಾರೂ ಅದನ್ನ ಬಿಡಿಸಿ ಹೇಳಲ್ಲ."

ಎಲ್ಲರೂ ನಕ್ಕರು. ಆದರೆ ಆವತ್ತಿನ ಒಳ್ಳೆಯ ಪ್ರಶ್ನೆ ಅದೇ. ನಮ್ಮ ಲ್ಯಾಬಿಗೆ ಒಬ್ಬರು ಹಾರ್ಲಿಕ್ಸ್ ಬಾಟಲಿ ತುಂಬ ತಂದಿದ್ದರು, ಪೇಪರಿನಲ್ಲಿ ಸುತ್ತಿ, ಮೇಲೆ ರಬ್ಬರ್ ಬ್ಯಾಂಡ್ ಹಾಕಿ. ಒಂದು ಅಡಿಕೆಯಷ್ಟು ಸಾಕಮ್ಮ, ನೀರಾಗಿದ್ದರೆ ಎರಡು ಚಮಚ. ಲ್ಯಾಬಿನವರು ಕೊಡುವ ಡಬ್ಬಿಯಲ್ಲೇ ತನ್ನಿ. ಮೂತ್ರ, ಫಿನಾಯಿಲ್ ಸೇರಬಾರದು. ಫ್ರಿಜ್ಜಿನಲ್ಲಿಟ್ಟು ಸಾಯಂಕಾಲ ತರಬೇಡಿ. ಲೂಸ್ ಆಗಿದ್ದರೆ ಅರ್ಧ ಗಂಟೆಯೊಳಗೆ ನಮ್ಮ ಕೈಗೆ ಸಿಗಲಿ, ಆಗ ಎಲೆ ಉದುರುವುದು ಕಾಣುತ್ತದೆ. ಚೀಟಿಯಲ್ಲಿ 'ಗ್ಯಾಸ್ಟ್ರಿಕ್' ಅಂತ ಬರೆಸುವ ಬದಲು ಎಷ್ಟು ದಿನದಿಂದ, ತೇಗಿನ ವಾಸನೆ ಹೇಗಿದೆ, ತೂಕ ಎಷ್ಟು ಇಳಿದಿದೆ ಅಂತ ಬರೆಸಿ.

"ಆಟೋದಲ್ಲಿ ತರ್ಬಹುದಾ?" ಅಂದರು ಅಜ್ಜಿ.

ತರ್ಬಹುದು. ಡ್ರೈವರ್‌ಗೆ ಹೇಳಬೇಡಿ.